ಅಪ್ಪನ ಕೋಣೆಯ ಕ್ಯಾಮೆರಾ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ತಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾವಾಗ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಮಾತು ಮರೆಸುತ್ತೇನೆ. ಹಾಗೆ ಮಾಡಿ ಮಾಡಿ ಸುಸ್ತಾಗಿದೆ.

ಅಪ್ಪ ಈಗಲೂ ಮೈ ಒರೆಸಲು ಬಿಡುತ್ತಿಲ್ಲವೆಂದು ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ನೀನು ಕೆಲಸಕ್ಕೆ ಹೋದಾಗ ಹಾಸಿಗೆ ಹಿಡಿದವರ ಮೇಲೊಂದು ಕಣ್ಣಿರಲಿ ಎಂದು ಇಟ್ಟ ಕ್ಯಾಮೆರಾ ಅದು. ನೀನು ಮೈ ಒರೆಸುವಾಗ, ಇಂಟರ್‌ನೆಟ್ಟಿನಲ್ಲಿ ಅದರೊಳಗೆ ನುಗ್ಗಿದ ಯಾವನೋ ಅದರ ಸ್ಪೀಕರಿನಿಂದ ನಕ್ಕು, ತಾತಾ ಇನ್ನೊಂದು ಸಲ ತಿರುಗು ಅಂದನಂತೆ. ಅವತ್ತಿನಿಂದ ಅಪ್ಪ ಕತ್ತಿನ ಗುಂಡಿಯನ್ನೂ ಬಿಚ್ಚದೆ ಮಲಗಿದ್ದಾರೆ. ಬೆನ್ನಿನ ಹುಣ್ಣು ಮಾಯುವುದಾದರೂ ಹೇಗೆ?

ನಿನ್ನ ದೂರಿಗೆ ನಮ್ಮ ಕಂಪನಿ ಕೊಟ್ಟ ಉತ್ತರ ಓದಿದೆ. ಇಂಟರ್‌ನೆಟ್ ತಲುಪಿಸುವುದಷ್ಟೇ ನಮ್ಮ ಕೆಲಸ, ಸುರಕ್ಷತೆ ಗ್ರಾಹಕರ ಹೊಣೆ ಅಂತೆ. ನಮ್ಮ ಮ್ಯಾನೇಜರಂತೂ, ನೀರು ಬಿಡೋರು ಮನೆಮನೆಗೆ ಬಂದು ನಲ್ಲಿ ತಿರುಗಿಸ್ತಾರೇನ್ರೀ ಅಂತ ಕೇಳುತ್ತಾರೆ. ಹನ್ನೊಂದು ವರ್ಷ ನಾನೂ ತಲೆಯಾಡಿಸಿದೆ. ಆದರೆ ಬಂದ ನೀರೇ ಕೆಟ್ಟಿದ್ದರೆ ಯಾರನ್ನು ಕೇಳಬೇಕು? ರೂಟರ್ ಅವರದು, ಗೋಡೆಗೆ ಬಡಿದವರು ಅವರು, ಎಚ್ಚರ ಹೇಳಬೇಕಾದವರು ಯಾರು ಎಂದು ನೀನು ದೂರಿನಲ್ಲಿ ಬರೆದದ್ದು ಸರಿಯಾಗಿಯೇ ಇದೆ.

ನಮ್ಮ ಕೆಲಸದ ರೀತಿ ಹೇಳುತ್ತೇನೆ, ಕೇಳು. ದಿನಕ್ಕೆ ಒಂಬತ್ತು ಮನೆ. ನಾಳೆ ರಿಪೇರಿಗೆ ಯಾರು ಹೋದರೂ ಪರದಾಡಬಾರದೆಂದು ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಹಾಕುತ್ತೇವೆ. ಕ್ಯಾಮೆರಾ ಇದ್ದರೆ ಅದಕ್ಕೂ ಅದೇ. ನಮ್ಮೆಲ್ಲರ ಬ್ಯಾಗಿನ ಮುಚ್ಚಳದೊಳಗೆ ಅದನ್ನು ಪೆನ್ನಿನಲ್ಲಿ ಬರೆದಿಟ್ಟಿದ್ದೇವೆ. ಹೀಗೆ ಮಾಡಿ ಎಂದು ಯಾರೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಮ್ಯಾನೇಜರಿಗೂ ಗೊತ್ತು.

ನಿನ್ನ ಮನೆಗೆ ಮಾತ್ರ ಬೇರೆಯದೇ ಹಾಕಿದ್ದೇನೆ ಎಂದು, ರೂಟರ್ ಕೂರಿಸಲು ನಾನೇ ಬಂದ ದಿನ ಹೇಳಿದ್ದೆ. ನೀನು ನಂಬಿದೆ. ನನ್ನ ಕೆಲಸಕ್ಕೆ ಕುತ್ತು ಬರಬಾರದೆಂದು ದೂರಿನಲ್ಲಿ ನನ್ನ ಹೆಸರೇ ಎತ್ತಲಿಲ್ಲ. ಅದು ನೆನಪಾದರೆ ಊಟ ಸೇರುವುದಿಲ್ಲ.

ಬುಧವಾರ ಗ್ರಾಹಕರ ನ್ಯಾಯಾಲಯದ ವಿಚಾರಣೆಗೆ ಧೈರ್ಯವಾಗಿ ಹೋಗು. ಗ್ರಾಹಕರಿಗೆ ಎಲ್ಲ ತಿಳಿಸಿದ್ದೆವು ಎಂದು ಸಾಕ್ಷಿ ಹೇಳಲು ಕಂಪನಿ ಒಬ್ಬ ಕೆಲಸಗಾರನನ್ನು ಕಳಿಸುತ್ತಿದೆ. ಅವನನ್ನು ಕಂಡು ಹೆದರಬೇಡ.

ಇಂತಿ ನಿನ್ನ,
ತಮ್ಮ

ಮರೆತ ಮಾತು: ಆ ಕೆಲಸಗಾರ ನಾನೇ. ಕಂಪನಿಯವರು ಹೇಳಿಕೊಟ್ಟದ್ದನ್ನು ಹೇಳುವುದಿಲ್ಲ. ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿದ ಕಾಗದ ಇದರ ಜೊತೆಗಿದೆ; ದೂರಿಗೆ ಸೇರಿಸು, ನನ್ನ ಹೆಸರನ್ನೂ ಸೇರಿಸು. ಅವತ್ತು ನಿನ್ನದು ಒಂಬತ್ತನೇ ಮನೆ, ಅಕ್ಕಾ. ಬೇಗ ಮುಗಿದರೆ ಸಾಕಾಗಿತ್ತು, ಎಲ್ಲ ಮನೆಗೂ ಹಾಕುವ ಪಾಸ್‌ವರ್ಡನ್ನೇ ಹಾಕಿದೆ. ಅಪ್ಪನಿಗೆ ನೀನು ಹೇಳಬೇಡ, ನಾನೇ ಬಂದು ಹೇಳುತ್ತೇನೆ. ಆಮೇಲೂ ಅವರು ಹತ್ತಿರ ಸೇರಿಸಿದರೆ, ಬೆನ್ನು ನಾನು ಒರೆಸುತ್ತೇನೆ.