ಅಪ್ಪಣೆ ಕೇಳಿದ ದಾರಿ

ಬೆಕ್‌ಸೈಡ್ ಸಾಲುಮನೆ,
ಸ್ಕಾರ್‌ಬೆಕ್, ಯಾರ್ಕ್‌ಷೈರ್
ಮಂಗಳವಾರ, ೧೧ ನವೆಂಬರ್ ೧೯೮೬

ಪ್ರೀತಿಯ ಅಪ್ಪಾ,

ನಿನ್ನ ಕೈ ಈಗ ಹೇಗಿದೆ? ಸುಟ್ಟ ಗಾಯ ಒಣಗುತ್ತಿದೆ ಎಂದು ಮಾಂಟೆವಿಡಿಯೊ ಬಂದರಿನಿಂದ ಹಾಕಿದ ಕಾರ್ಡಿನಲ್ಲಿ ನೀನು ಬರೆದಿದ್ದೆ. ಆದರೆ ಅಕ್ಷರಗಳು ಎಡಗೈಯಲ್ಲಿ ಬರೆದ ಹಾಗಿದ್ದವು. ಅಮ್ಮ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಒಣಗಿದ್ರೆ ಹೀಗ್ಯಾಕೆ ಬರೀತಾನೆ ಈ ಮನುಷ್ಯ? ಸುಳ್ಳುಬುರುಕ" ಎಂದು ಬೈದು, ಆಮೇಲೆ ಅದನ್ನು ಗಡಿಯಾರದ ಹಿಂದೆ ಜೋಪಾನವಾಗಿ ಇಟ್ಟಳು. ದಯವಿಟ್ಟು ಹಡಗಿನ ಅಡುಗೆಮನೆಯಲ್ಲಿ ಬಿಸಿ ಎಣ್ಣೆಯ ಹತ್ತಿರ ಸ್ವಲ್ಪ ದಿನ ಬೇರೆ ಯಾರನ್ನಾದರೂ ನಿಲ್ಲಿಸು. ಹಡಗಿನಲ್ಲಿ ಅಷ್ಟು ಜನ ತಿನ್ನುವವರಿದ್ದಾರೆ, ಒಬ್ಬರಿಗಾದರೂ ಆಲೂಗಡ್ಡೆ ಕರಿಯಲು ಬರಬೇಕಲ್ಲ. ಅಮ್ಮನಿಗೆ ಕೆಮ್ಮಿದೆ, ಜ್ವರವಿಲ್ಲ. ತಂಗಿ ಹೆಟ್ಟಿಯ ಮುಂದಿನ ಹಲ್ಲು ಬಿದ್ದಿದೆ. ಈಗ ಅವಳು ಮಾತಾಡಿದರೆ ಸೀಟಿ ಊದಿದ ಹಾಗೆ ಕೇಳುತ್ತದೆ, ಅದಕ್ಕೇ ಇನ್ನೂ ಹೆಚ್ಚು ಮಾತಾಡುತ್ತಾಳೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಎಲ್ಲರೂ ಹಾಗೆಯೇ ಬರೆಯುತ್ತಾರೆ. ಮೈಗೇನೂ ಆಗಿಲ್ಲ. ಆದರೆ ಅಪ್ಪಾ, ನನಗೆ ತುಂಬಾ ಹೆದರಿಕೆಯಾಗಿದೆ.

ನೀನು ಹಡಗು ಹತ್ತಿದ ಮೇಲೆ ಇಲ್ಲಿ ಆದದ್ದನ್ನು ಅಮ್ಮ ನಿನಗೆ ಪೂರ್ತಿ ಬರೆದಿಲ್ಲ. ದೂರದಲ್ಲಿರುವವನಿಗೆ ಚಿಂತೆ ಯಾಕೆ ಎನ್ನುತ್ತಾಳೆ. ಆಮಸ್ ಮೆಟ್‌ಕಾಫ್ ಸತ್ತ ಮೇಲೆ ಅವನ ಜಮೀನು ಲೀಡ್ಸ್‌ನ ಬ್ರಿಯರ್ಲಿ ಎಂಬಾತನ ಕೈಗೆ ಹೋಯಿತು, ಅದು ನಿನಗೆ ಗೊತ್ತು. ಬ್ರಿಯರ್ಲಿ ಕೆಟ್ಟವನಲ್ಲ, ಎದುರಿಗೆ ಸಿಕ್ಕರೆ ನಗುತ್ತಾನೆ. ಆದರೆ ಆತ ಕುದುರೆ ಸಾಕುತ್ತಾನೆ, ಅವನ ಕುದುರೆಗಳಿಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲವಂತೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೋಡಿದರೆ ನಮ್ಮ ತಡಮೆಗೆ, ಹುಲ್ಲುಗಾವಲಿನ ಕಲ್ಲುಗೋಡೆಯಲ್ಲಿ ಒಬ್ಬರಷ್ಟೇ ನುಸುಳುವ ಆ ಸಂದಿಗೆ, ಮುಳ್ಳುತಂತಿ ಬಿಗಿದಿತ್ತು. ಪಕ್ಕದಲ್ಲಿ ಹಲಗೆ: ಖಾಸಗಿ, ದಾರಿಯಿಲ್ಲ. ಹೆಟ್ಟಿ ಅದನ್ನು ಗಟ್ಟಿಯಾಗಿ ಓದಿ, "ದಾರಿ ಇದೆಯಲ್ಲಾ, ಕಾಣ್ತಾ ಇದೆಯಲ್ಲಾ" ಎಂದಳು. ನಿಜ, ಕಾಣುತ್ತಿತ್ತು. ಹುಲ್ಲಿನ ನಡುವೆ ನಮ್ಮ ಕಾಲುಗಳು ಸವೆಸಿದ ಗೆರೆ ನೇರವಾಗಿ ಬಸ್ ನಿಲ್ದಾಣದವರೆಗೂ ಇತ್ತು.

ನಾನು ಈಗ ಕೌಂಟಿಯ ಕಾಲುದಾರಿ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಪರೀಕ್ಷೆಗೆ ಕೂರದೆ ಶಾಲೆ ಬಿಟ್ಟೆ ಎಂದು ನೀನು ಮುನಿಸಿಕೊಂಡಿದ್ದೆ. ಮುನಿಸು ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಹೇಳುತ್ತೇನೆ, ಈ ಕೆಲಸ ನನಗೆ ಹಿಡಿಸಿದೆ. ನಾಲ್ಕು ಗೋಡೆಯೊಳಗೆ ಕೂತರೆ ನನ್ನ ಕಾಲು ತಾನಾಗಿ ಕುಣಿಯುತ್ತದೆ, ಇಲ್ಲಿ ಕುಣಿಯಲು ಬಿಡುವಿಲ್ಲ. ದಾರಿಗೆ ಬಿದ್ದ ಮುಳ್ಳು ಕಡಿಯುವುದು, ಬೇಲಿ ದಾಟುವ ಕೊಳೆತ ಮೆಟ್ಟಿಲು ಬದಲಾಯಿಸುವುದು, ಕಂಬಗಳಿಗೆ ಹಳದಿ ಬಾಣ ಬಳಿಯುವುದು. ಹೋದ ವಾರ ಒಬ್ಬ ರೈತ ನಿಂತು ನೋಡಿ, "ಏನಮ್ಮಾ, ಬಾಣ ಬರೆಯೋಕೂ ಸಂಬಳ ಕೊಡ್ತಾರಾ? ನಮ್ಮ ಕುರಿಗಳಿಗೆ ಬಾಣ ಇಲ್ಲದೇನೇ ದಾರಿ ಗೊತ್ತು" ಎಂದ. ಕುರಿಗಳು ಬಸ್ಸಿಗೆ ಹೋಗಲ್ವಲ್ಲ ಎಂದೆ. ಹೀಗೆ ಊರೂರಿನ ದಾರಿ ಸರಿಮಾಡುವ ನಾನು ನನ್ನ ಮನೆಯೆದುರಿನ ದಾರಿಗೆ ಬಾಣ ಬಳಿಯುವ ಹಾಗಿಲ್ಲ. ಯಾಕೆಂದರೆ ಕೌಂಟಿಯ ನಕ್ಷೆಯಲ್ಲಿ ಅದು ಇಲ್ಲ. ಹಿಂದೆ ನಕ್ಷೆ ಬರೆದವರು ಬೆಕ್‌ಸೈಡಿನ ನಾಲ್ಕು ಮನೆಗಳನ್ನು ಕೇಳಲೇ ಇಲ್ಲವೋ ಏನೋ.

ತಡಮೆ ಮುಚ್ಚಿದ ಮೇಲೆ ಎಲ್ಲರೂ ಕಲ್ಲುಕ್ವಾರಿಯ ಓಣಿಯಲ್ಲೇ ಹೋಗಬೇಕಾಗಿದೆ. ನಿನಗೆ ಆ ಓಣಿ ಗೊತ್ತು: ಎರಡೂ ಕಡೆ ಗೋಡೆ, ಸರಿದು ನಿಲ್ಲಲು ಒಂದಡಿ ಜಾಗವಿಲ್ಲ, ತಿರುವಿನಾಚೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಕ್ವಾರಿಯವರು ಈಗ ದೊಡ್ಡ ಲಾರಿಗಳನ್ನು ತಂದಿದ್ದಾರೆ. ಅಕ್ಟೋಬರ್‌ನಲ್ಲಿ ಹೆಟ್ಟಿ ಶಾಲೆಯಿಂದ ಬರುವಾಗ ಒಂದು ಲಾರಿಯ ಕನ್ನಡಿ ಅವಳ ಹೆಗಲಿನ ಚೀಲಕ್ಕೆ ತಗುಲಿ ಪಟ್ಟಿ ಹರಿದುಹೋಯಿತು. ಚೀಲ ಗೋಡೆಯಾಚೆ ಬಿತ್ತು. ಅವಳಿಗೆ ಏನೂ ಆಗಲಿಲ್ಲ. ಲಾರಿಯವನಿಗೆ ಗೊತ್ತಾಗಲೂ ಇಲ್ಲ. "ಅಮ್ಮಂಗೆ ಹೇಳ್ಬೇಡ ಲೋರ್ನಾ, ಪಟ್ಟಿ ನಾನೇ ಹೊಲ್ಕೋತೀನಿ" ಎಂದು ಸೀಟಿಯ ಹಲ್ಲಿನಲ್ಲಿ ಬೇಡಿಕೊಂಡಳು. ನಾನು ಹೇಳಿದೆ. ನನ್ನ ಹತ್ತಿರ ಗುಟ್ಟು ನಿಲ್ಲುವುದಿಲ್ಲ, ನಿನಗೆ ಗೊತ್ತಲ್ಲ. ಅಂದಿನಿಂದ ಅಮ್ಮ ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಾಳೆ. ಈಗ ನಾಲ್ಕು ಗಂಟೆಗೆಲ್ಲಾ ಕತ್ತಲಾಗುತ್ತದೆ. ಲಾರಿಯ ಸದ್ದು ಕೇಳಿದಾಗ ಅವಳ ಕೆಮ್ಮು ನಿಲ್ಲುತ್ತದೆ, ಲಾರಿ ಹೋದ ಮೇಲೆ ಮತ್ತೆ ಶುರುವಾಗುತ್ತದೆ.

ದಾರಿಯನ್ನು ನಕ್ಷೆಗೆ ಸೇರಿಸಿ ಎಂದು ನಾಲ್ಕೂ ಮನೆಯವರು ಕೌಂಟಿಗೆ ಅರ್ಜಿ ಹಾಕಿದರು, ಬ್ರಿಯರ್ಲಿ ತಕರಾರು ಮಾಡಿದ್ದರಿಂದ ವಿಚಾರಣೆ ಗೊತ್ತಾಯಿತು. ನಮ್ಮ ಮೇಲಧಿಕಾರಿ ಮಿಸ್ ಓಲ್ಡ್ರಾಯ್ಡ್, ಕೌಂಟಿಯ ದಾರಿಗಳನ್ನೆಲ್ಲಾ ನೋಡಿಕೊಳ್ಳುವ ಹೆಂಗಸು, ಬೆಕ್‌ಸೈಡಿಗೆ ಬಂದು ಎಲ್ಲರನ್ನೂ ಕೂರಿಸಿ ಕಾನೂನು ಹೇಳಿದಳು. ಇಪ್ಪತ್ತು ವರ್ಷ ಜನ ಒಂದು ದಾರಿಯಲ್ಲಿ ಬಲವಂತ ಮಾಡದೆ, ಕದ್ದುಮುಚ್ಚದೆ, ಯಾರ ಅಪ್ಪಣೆಯೂ ಇಲ್ಲದೆ ನಡೆದಿದ್ದರೆ ಅದು ಎಲ್ಲರ ದಾರಿ. ನಕ್ಷೆಗೆ ಸೇರುತ್ತದೆ, ಮತ್ತೆ ಯಾವ ಬ್ರಿಯರ್ಲಿಯೂ ಮುಚ್ಚುವ ಹಾಗಿಲ್ಲ. ಆದರೆ ಮಾಲೀಕನ ಅಪ್ಪಣೆ ಪಡೆದು ನಡೆದಿದ್ದರೆ ಅದು ಅವನ ದಯೆ ಮಾತ್ರ. ಅವನು ಹೋದರೆ ದಯೆಯೂ ಹೋಯಿತು. "ಯಾರಾದ್ರೂ ಮೆಟ್‌ಕಾಫ್‌ನ ಅಪ್ಪಣೆ ಕೇಳಿದ್ರಾ?" ಎಂದಳು. ಪಕ್ಕದ ಮನೆಯ ಸಿಡ್ ಡಿನ್ಸ್‌ಡೇಲ್ ನಕ್ಕು, "ಆಮಸ್‌ನ ಕೇಳೋದಾ? ಹೊತ್ತೆಷ್ಟು ಅಂತ ಕೇಳಿದ್ರೂ ಕಚ್ಚೋಕೆ ಬರ್ತಿದ್ದ ಆಸಾಮಿ" ಎಂದ. ಎಲ್ಲರೂ ಇಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ ಅಪ್ಪಾ, ಅವರಿಗೆ ಗೊತ್ತಿಲ್ಲ.

ನನಗೆ ಗೊತ್ತಿತ್ತು. ಪ್ರತಿ ವರ್ಷ ನವೆಂಬರ್‌ನಲ್ಲಿ ಊರವರೆಲ್ಲಾ ಸೇರಿ ಬೆಂಕಿ ಹಚ್ಚುವ ಹಬ್ಬದ ವಾರ ಅಮ್ಮ ಪಾರ್ಕಿನ್ ಮಾಡಿದಾಗ, ಒಂದು ತಟ್ಟೆ ತುಂಬ ಆ ಶುಂಠಿ ಕೇಕು ತೆಗೆದುಕೊಂಡು ನೀನು ಆಮಸ್‌ನ ಮನೆಗೆ ಹೋಗುತ್ತಿದ್ದೆ. ನೆರೆಯವನಿಗೆ ಕೊಡುವುದು ಎಂದು ಅಮ್ಮ ತಿಳಿದಿದ್ದಳು. ನನಗೆ ಏಳು ವರ್ಷವಿದ್ದಾಗ ಒಂದೇ ಒಂದು ಸಲ ತಟ್ಟೆ ಹಿಡಿದುಕೊಳ್ಳಲು ನನ್ನನ್ನು ಕರೆದೊಯ್ದಿದ್ದೆ. ಅವನ ನಾಯಿ ಬಂದು ನನ್ನ ಮೊಣಕಾಲು ಮೂಸಿತು, ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ನೀನು ಟೋಪಿ ತೆಗೆದು, "ಆಮಸ್, ನಾವು ಬೆಕ್‌ಸೈಡಿನವರು ಈ ವರ್ಷವೂ ನಿಮ್ಮ ಹುಲ್ಲುಗಾವಲು ದಾಟ್ಕೊಂಡು ಹೋಗಬಹುದಾ?" ಎಂದೆ. ಬೆಕ್‌ಸೈಡಿನವರು ಎಂದೆ. ನಾಲ್ಕೂ ಮನೆಯ ಪರವಾಗಿ ಕೇಳಿದೆ. ಅವನು ಗದರಿದ. ಏನು ಗದರಿದ ಎಂದು ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಮಗಳೆದುರಿಗೆ ಅಪ್ಪನಿಗೆ ಹಾಗೆ ಅನ್ನಬಾರದಿತ್ತು. ನಿನ್ನ ಕಿವಿ ಕೆಂಪಾಗಿತ್ತು. ಅವನು ತಟ್ಟೆ ಕಿತ್ತುಕೊಂಡು ಬಾಗಿಲು ಹಾಕಿದ. ವಾಪಸು ಬರುವಾಗ ನಾನು ಅಳುತ್ತಿದ್ದೆ. ನೀನು, "ಅವನ ಬಾಯೇ ಅಷ್ಟು, ಬಿಡು ಮರಿ. ಕೇಳೋದು ನಮ್ಮ ಮರ್ಯಾದೆ" ಎಂದೆ.

ಆ ಮರ್ಯಾದೆಯೇ ಈಗ ನಮ್ಮ ಕುತ್ತಿಗೆಗೆ ಬಂದಿದೆ. ನೀನು ಒರಟನಾಗಿದ್ದರೆ, ಟೋಪಿ ತೆಗೆಯದೆ ನೇರವಾಗಿ ನುಗ್ಗುವವನಾಗಿದ್ದರೆ ಹೆಟ್ಟಿಗೆ ದಾರಿ ಇರುತ್ತಿತ್ತು. ಇದು ಎಂಥ ಕಾನೂನು ಎಂದು ಮಿಸ್ ಓಲ್ಡ್ರಾಯ್ಡಳನ್ನು ಕೇಳಿದೆ. ಹೌದು, ನೀನು ಅಪ್ಪಣೆ ಕೇಳಿದ್ದನ್ನು ಅವಳಿಗೆ ಹೇಳಿಬಿಟ್ಟೆ. ಎರಡು ದಿನ ಕೆಲಸದಲ್ಲಿ ಅವಳ ಮುಖ ನೋಡಲಾಗದೆ ಒದ್ದಾಡಿ ಮೂರನೆಯ ದಿನ ಹೇಳಿದೆ. ಅವಳು ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. "ವಿಚಾರಣೆಗೆ ನಿನ್ನನ್ನೂ ಸಾಕ್ಷಿಗೆ ಕರೀತಾರೆ, ದಿನಾ ನಡೆದವಳು ನೀನು. ಕೇಳಿದ್ದಕ್ಕೆ ನಿಜ ಹೇಳು. ಮುಚ್ಚಿಡು ಅಂತ ನಾನು ಹೇಳಲಾರೆ" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಅವರು ಕೇಳದೇ ಇರಲಿ ಅಂತ ಮಾತ್ರ ಬೇಡ್ಕೋತೀನಿ" ಎಂದಳು.

ಅಮ್ಮನಿಗೆ ಹೇಳಿದ್ದು ನಿನ್ನೆ. ಸಿಡ್ ಅಲ್ಲೇ ಕೂತಿದ್ದ, ಅವನಿಗೂ ಗೊತ್ತಾಯಿತು. "ನಿಮ್ಮಪ್ಪ ನನ್ನ ಪರವಾಗಿ ಕೇಳೋಕೆ ಅವನ್ಯಾರು? ನನ್ನ ಕಾಲು ನನ್ನದು!" ಎಂದು ಕೂಗಾಡಿ, ಆಮೇಲೆ ದನಿ ಇಳಿಸಿ, "ನೋಡು ಹುಡುಗಿ, ಆಮಸ್ ಮಣ್ಣಲ್ಲಿದ್ದಾನೆ, ನಿಮ್ಮಪ್ಪ ನೀರಲ್ಲಿದ್ದಾನೆ. ಉಳಿದದ್ದು ನಿನ್ನ ಬಾಯಿ ಒಂದೇ. ಒಂದು ದಿನ ಅದಕ್ಕೆ ಬೀಗ ಹಾಕಿದ್ರೆ ಸತ್ಯ ಏನು ಸತ್ತು ಹೋಗುತ್ತಾ?" ಎಂದ. ಅಮ್ಮ ಜಗಳವಾಡಲಿಲ್ಲ. ಹೆಟ್ಟಿಯ ಚೀಲದ ಪಟ್ಟಿಗೆ ಎರಡನೆಯ ಸಲ ಹೊಲಿಗೆ ಹಾಕುತ್ತಾ, "ನಿನ್ನ ಸತ್ಯ ಇವಳ ಕೈಹಿಡಿದು ಓಣಿ ದಾಟಿಸುತ್ತಾ ಲೋರ್ನಾ?" ಎಂದಳು, ಅಷ್ಟೆ.

ನಾಳೆ ಬೆಳಿಗ್ಗೆ ಊರಿನ ಸಭಾಭವನದಲ್ಲಿ ವಿಚಾರಣೆ. ಸರ್ಕಾರದ ಇನ್‌ಸ್ಪೆಕ್ಟರ್ ಬರುತ್ತಾರೆ, ಬ್ರಿಯರ್ಲಿಯ ಕಡೆಯಿಂದ ವಕೀಲ ಬರುತ್ತಾನೆ. ಈ ಕಾಗದ ಹಲ್ ಬಂದರಿನ ಹಡಗು ಕಚೇರಿಗೆ ಹೋಗಿ, ಅಲ್ಲಿಂದ ನೀನಿರುವ ಬಂದರಿಗೆ ಬರುವಷ್ಟರಲ್ಲಿ ನಾನು ಹೇಳಬೇಕಾದದ್ದನ್ನು ಹೇಳಿ ಆಗಿರುತ್ತದೆ, ನೀನು ತಡೆಯಲಾರೆ. ಬಹುಶಃ ಅದಕ್ಕೇ ಇಂದು ಬರೆಯುತ್ತಿದ್ದೇನೆ. ಸುಳ್ಳು ಹೇಳಲು ಪ್ರಯತ್ನಿಸಿದೆ ಅಪ್ಪಾ. ಹಿತ್ತಲಲ್ಲಿ ಕೋಳಿಗಳ ಮುಂದೆ ನಿಂತು, "ಇಲ್ಲ ಸರ್, ಯಾರೂ ಕೇಳಿಲ್ಲ" ಎಂದು ಅಂದು ನೋಡಿದೆ. ಒಂದು ಕೋಳಿಯೂ ನಂಬಿದ ಹಾಗೆ ಕಾಣಲಿಲ್ಲ. ಆದರೆ ನಿಜ ಹೇಳುವುದನ್ನು ನೆನೆದರೆ ಲಾರಿಯ ಆ ಕನ್ನಡಿ ಕಾಣುತ್ತದೆ. ಚೀಲ ಇದ್ದದ್ದು ಅವಳ ಹೆಗಲ ಮೇಲೆ, ಕತ್ತಿನಿಂದ ಒಂದು ಗೇಣು ಕೆಳಗೆ.

ಬೆಚ್ಚಗಿರು, ಕೈಗೆ ಮುಲಾಮು ಹಚ್ಚುವುದನ್ನು ಬಿಡಬೇಡ. ಈ ವರ್ಷವೂ ಅಮ್ಮ ಪಾರ್ಕಿನ್ ಮಾಡಿದಳು, ನಿನ್ನ ಪಾಲು ಡಬ್ಬಿಯಲ್ಲಿದೆ. ಅದು ಕಲ್ಲಾದರೂ ನೀನು ತಿನ್ನುತ್ತೀಯ ಎಂದು ಹೇಳುತ್ತಿದ್ದಾಳೆ. ಹೆಟ್ಟಿಯ ಮುತ್ತುಗಳು, ಅಮ್ಮನ ನೆನಪುಗಳು. ನಾಳೆ ನಾನು ಏನು ಹೇಳಿದರೂ, ನಿನ್ನನ್ನು ಊರಿನ ಮುಂದೆ ಸಣ್ಣವನನ್ನಾಗಿ ಮಾಡಲು ಹೇಳಿದ್ದಲ್ಲ ಎಂದು ನಂಬು.

ಇಂತಿ ನಿನ್ನ ಹಟಮಾರಿ,
ಲೋರ್ನಾ

ಬುಧವಾರ, ಅವಸರದಲ್ಲಿ — ಕಾಗದ ಇನ್ನೂ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ವಕೀಲ ಕೇಳಿಯೇ ಬಿಟ್ಟ. ಹೌದು, ನಮ್ಮಪ್ಪ ಕೇಳಿದ್ದರು, ಎಲ್ಲರ ಪರವಾಗಿ ಕೇಳಿದ್ದರು ಎಂದೆ. ಸಿಡ್ ಎದ್ದು ಹೊರಗೆ ಹೋದ, ಅಮ್ಮ ತಲೆ ತಗ್ಗಿಸಿದಳು. ವಕೀಲ ಇಷ್ಟು ಸಾಕು ಎಂದು ಕೂತ. ಆಗ ಇನ್‌ಸ್ಪೆಕ್ಟರ್ ಮೂಗು ಒರೆಸಿಕೊಂಡು, "ಅದಕ್ಕೆ ಮೆಟ್‌ಕಾಫ್ ಏನಂದ್ರು?" ಎಂದರು. ಅದು ಬೈಗುಳ ಸರ್, ಬೇಡ ಎಂದೆ. ಬೈಗುಳವಾದರೂ ಹೇಳಿ ಎಂದರು. ಹೇಳಿದೆ: "ವರ್ಷಾ ವರ್ಷಾ ಬಂದು ನನ್ನ ತಲೆ ತಿಂತೀಯಲ್ಲೋ ಪೆದ್ದ! ಕೊಡೋಕೆ ಆ ದಾರಿ ನಂದಾ? ನಮ್ಮಪ್ಪಂದೂ ಅಲ್ಲ, ನಮ್ಮ ತಾತಂದೂ ಅಲ್ಲ. ಕೇಕ್ ಇಟ್ಟು ತೊಲಗು!" ಆಮಸ್‌ನೇ ಎದ್ದು ಬಂದ ಹಾಗಿತ್ತೋ ಏನೋ, ಭವನವೆಲ್ಲಾ ನಕ್ಕಿತು. ಇನ್‌ಸ್ಪೆಕ್ಟರ್ ನಗಲಿಲ್ಲ. ನಿಧಾನವಾಗಿ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಮಿಸ್ ಓಲ್ಡ್ರಾಯ್ಡ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಅವಳ ಕಣ್ಣು ನೋಡಿದ ಮೇಲೆ ನನಗೆ ಅರ್ಥವಾಯಿತು. ಅವನು ಅಪ್ಪಣೆ ಕೊಡಲೇ ಇಲ್ಲ ಅಪ್ಪಾ. ಕೊಡಲು ತನ್ನದಲ್ಲ ಎಂದ, ಅಂದರೆ ನಾವು ನಡೆದದ್ದು ಯಾರ ಅಪ್ಪಣೆಯೂ ಇಲ್ಲದೆ. ಇಷ್ಟು ವರ್ಷ ಅದನ್ನು ಬೈಗುಳ ಎಂದೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಆದರೆ ವಕೀಲ ಮತ್ತೆ ಎದ್ದು, ಆಗ ನಿನಗೆಷ್ಟು ವಯಸ್ಸು, ನಾಯಿಗೆ ಹೆದರಿದ್ದೆಯಾ, ಬೇರೆ ವರ್ಷಗಳಲ್ಲಿ ಏನಂದ ಎಂದು ಕೇಳಿದ. ಏಳು, ಹೆದರಿದ್ದೆ, ಗೊತ್ತಿಲ್ಲ ಎಂದೆ. ಮಗುವಿನ ಮಾತು ಎಂದು ಕೈ ಝಾಡಿಸಿದ. ಅದಕ್ಕೆ ಇನ್‌ಸ್ಪೆಕ್ಟರ್ ನಿನ್ನ ಕಾಗದಕ್ಕಾಗಿ ಹೊಸ ವರ್ಷದವರೆಗೆ ಕಾಯುತ್ತಾರಂತೆ. ಬಂದರು ಸಿಕ್ಕ ಕೂಡಲೇ ಬರಿ, ಎಡಗೈಯಲ್ಲಾದರೂ ಬರಿ. ಯಾವುದಾದರೂ ಒಂದು ವರ್ಷ ಅವನು "ಆಯ್ತು, ಹೋಗಿ" ಎಂದಿದ್ದರೆ ಅದನ್ನೂ ಬರಿ. ನಮಗೆ ಬೇಕಾದದ್ದನ್ನಲ್ಲ, ಅವನು ಅಂದದ್ದನ್ನು. ಈ ಸಾಲನ್ನು ನಾನು ಅಳಿಸುವುದಿಲ್ಲ. ಬಸ್ಸಿನ ಹೊತ್ತಾಯಿತು, ಓಣಿಗೆ ಹೋಗಬೇಕು. ಹೆಟ್ಟಿಯನ್ನು ಗೋಡೆಯ ಬದಿಗೆ ಹಾಕಿಕೊಂಡು ಲಾರಿಯ ಬದಿಗೆ ನಾನು ನಡೆಯುತ್ತೇನೆ. ಬೇಗ ಬರಿ.