ನಕ್ಷೆಯಲ್ಲಿಲ್ಲದ ಗುಂಡಿ

ಪೇಟೆ ಬೀದಿ, ಮುಳಬಾಗಿಲು
೨೨ ಜೂನ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಮುನಿಕೃಷ್ಣನಿಗೆ,

‘ಬೂದಿ ತೊಳೆದ್ರೆ ಹೋಗುತ್ತೆ, ಆದ್ರೆ…’ ಎಂದು ಕಳೆದ ವರ್ಷ ಶಾಲೆಯ ಅಂಗಳದಲ್ಲಿ ನೀನು ಅರ್ಧಕ್ಕೇ ನಿಲ್ಲಿಸಿದೆ. ಅದರ ಮುಂದೆಯೂ ನೀನು ಏನೋ ಹೇಳಿದ್ದೆ ಎಂದು ಕೆಲವು ದಿನ ಅನ್ನಿಸುತ್ತದೆ. ಏನೂ ಹೇಳಲಿಲ್ಲ ಎಂದು ಕೆಲವು ದಿನ. ಶಾಲೆಯ ಗಂಟೆ ಹೊಡೆದಿತ್ತು, ನಾನು ಒಳಗೆ ಹೊರಟಿದ್ದೆ. ಇರಲಿ. ಕ್ರೇಟು ಎತ್ತಿ ಎತ್ತಿ ನೋಯುತ್ತಿದ್ದ ನಿನ್ನ ಎಡಭುಜ ಈಗ ಹೇಗಿದೆ? ಅನಿತಳಿಗೆ ಮದನಪಲ್ಲಿಯ ನೀರು ಒಗ್ಗಿತೇ? ನಿನ್ನ ಅತ್ತಿಗೆ ಸುನಂದ ವೈದ್ಯರ ಮಾತಿನಂತೆ ಸಕ್ಕರೆ ಬಿಟ್ಟಿದ್ದಾಳೆ, ಆದ್ದರಿಂದ ನನ್ನ ಕಾಫಿಗೂ ಇಲ್ಲ. ನೀನು ಫೋನು ಎತ್ತುವುದಿಲ್ಲ. ಈ ಕಾಗದವನ್ನು ನೀನು ಕೆಲಸ ಮಾಡುವ ತರಕಾರಿ ಮಂಡಿಗೆ ಬರುವ ಟೊಮೊಟೊ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ಗುರುವಾರದೊಳಗೆ ತಲುಪುತ್ತದೆಂಬ ನಂಬಿಕೆಯಿಲ್ಲ.

ಗುರುವಾರ ಚಂದ್ರ ಕಾಣಬಹುದಂತೆ. ಮೊಹರಂಗೆ, ನಮ್ಮ ಬಾಬಯ್ಯನ ಹಬ್ಬಕ್ಕೆ, ಚೌಕದಲ್ಲಿ ಬೆಂಕಿಗುಂಡಿ ತೋಡಬೇಕು. ಆದರೆ ನೀನು ನೋಡಿದ್ದ ಚೌಕ ಈಗ ಇಲ್ಲ. ಊರಿನ ಕಾರ್ಯಕ್ರಮಗಳಿಗೆಲ್ಲ ಒಂದು ಒಳ್ಳೆಯ ಜಾಗ ಬೇಕೆಂದು ಪೇಟೆಯವರು ಸಮಿತಿ ಮಾಡಿಕೊಂಡರು. ಬೀಜದಂಗಡಿ ಚನ್ನರಾಯಪ್ಪನವರು ಅಧ್ಯಕ್ಷರು. ಡ್ರಾಯಿಂಗ್ ಮೇಷ್ಟ್ರು ತಾನೇ ಎಂದು ನಕ್ಷೆಯ ಕೆಲಸ ನನಗೆ ಬಂತು. ನೆಲವನ್ನು ಎರಡಡಿ ಎತ್ತರಿಸಿದ್ದಾರೆ, ಹಳೆಯ ನಲ್ಲಿಕಟ್ಟೆ ಹೋಗಿದೆ, ಉದ್ದಕ್ಕೂ ಗ್ರಾನೈಟ್ ಚಪ್ಪಡಿ, ನಾಲ್ಕು ಮೂಲೆಗೆ ದೀಪ, ಉತ್ತರಕ್ಕೆ ವೇದಿಕೆ. ಸಂಜೆ ಹೆಂಗಸರು ಬಂದು ಕೂರುತ್ತಾರೆ, ಮಕ್ಕಳು ಸೈಕಲ್ ಕಲಿಯುತ್ತವೆ. ಚೆನ್ನಾಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಶನಿವಾರ ಉದ್ಘಾಟನೆ. ಜನವರಿಯಲ್ಲಿ ನಾನು ಟೇಪು ಹಿಡಿದು ಅಳೆದಾಗ ಕಂಡದ್ದನ್ನೆಲ್ಲ ಬರೆದಿದ್ದೆ: ಚರಂಡಿ, ಕಂಬ, ನಲ್ಲಿ, ಟೀ ಅಂಗಡಿ. ಹಬ್ಬ ಮುಗಿದ ಮರುದಿನ ಗುಂಡಿಯನ್ನು ಮುಚ್ಚಿ ತುಳಿದುಬಿಡುತ್ತೀರಲ್ಲ, ಜನವರಿಯಲ್ಲಿ ಅಲ್ಲಿ ಬರೀ ನೆಲವಿತ್ತು. ಗುಂಡಿ ನಕ್ಷೆಗೆ ಬರಲಿಲ್ಲ. ಸಮಿತಿಯ ಹನ್ನೊಂದು ಮಂದಿಯೂ ಪ್ರತಿವರ್ಷ ಆ ಬೆಂಕಿಯ ಸುತ್ತ ನಿಂತವರೇ. ಒಬ್ಬರೂ ಕೇಳಲಿಲ್ಲ.

ಕೇಳಿದ್ದು ಪಂಜಾ ಕೂರಿಸುವ ಜಾನ್ ಪಾಷಾ, ಮೊನ್ನೆ ಶುಕ್ರವಾರ. ಬಾಬಯ್ಯನ ಹಸ್ತದಾಕಾರದ ಆ ಪಂಜಾಗಳಿಗೆ ಹೊಸ ರೇಷ್ಮೆ ಬಟ್ಟೆ ತಂದವರು ಚೌಕದ ನಡುವೆ ನಿಂತು ಕಾಲ ಕೆಳಗೆ ನೋಡುತ್ತಿದ್ದರು. ‘ಮೇಷ್ಟ್ರೇ, ನಮ್ಮ ಗುಂಡಿ ಎಲ್ಲಿಟ್ರಿ?’ ಎಂದರು, ಯಾವುದೋ ಸಾಮಾನು ಕೇಳುವವರ ಹಾಗೆ. ಆಮೇಲೆ ನಗಲಿಲ್ಲ. ನಿಮ್ಮನೆ ಗುದ್ದಲಿ ಬೀಳದೆ ಪಂಜಾ ಹೊರಗೆ ತೆಗೆಯೋ ಹಾಗಿಲ್ಲ, ಹಳೇ ಬೂದಿ ಸಿಗೋವರೆಗೂ ತೋಡಬೇಕು, ಅದು ಬೇರೆ ಕಡೆ ಆಗಲ್ಲ ಎಂದರು. ನನಗೆ ಗೊತ್ತಿಲ್ಲದ್ದೇನಲ್ಲ. ಹಿರಿಯವನು ನಾನಾದರೂ ಅಪ್ಪ ಆ ಗುದ್ದಲಿಯನ್ನು ನಿನ್ನ ಕೈಗೆ ಕೊಟ್ಟರು. ‘ಇವನದು ಸೀಮೆಸುಣ್ಣ ಹಿಡಿಯೋ ಕೈ’ ಎಂದು ಎಲ್ಲರೆದುರು ಹೇಳಿ ನಕ್ಕರು. ನಾನೂ ನಕ್ಕೆ.

ನಿನ್ನೆ ಸಭೆ ಸೇರಿತು. ಎಂದೂ ಜೋರಾಗಿ ಮಾತಾಡದವರು ಜೋರಾಗಿ ಮಾತಾಡಿದರು. ಕಬ್ಬಿಣದ ದೊಡ್ಡ ಬಾಣಲೆ ತರಿಸಿ ಅದರಲ್ಲೇ ಬೆಂಕಿ ಮಾಡಿಕೊಳ್ಳಲಿ ಎಂದ ಒಬ್ಬ. ‘ಬಾಣಲೆ ಇಡಕ್ಕೆ ನಾವೇನು ಬೋಂಡ ಕರೀತೀವೇನಪ್ಪಾ?’ ಎಂದರು ಜಾನ್ ಪಾಷಾ. ಕೆಲವರು ನಕ್ಕರು, ಆದರೆ ಹಿಂದಿನ ಸಾಲಿನ ಹುಡುಗರು ಎದ್ದು ನಿಂತಿದ್ದರು, ಎರಡೂ ಕಡೆಯವರು. ಕೊನೆಗೆ ಚನ್ನರಾಯಪ್ಪನವರು ಮೇಜು ಬಡಿದು, ‘ಸರಿಯಾದ ಜಾಗ ತೋರ್ಸಿ, ನಾಲ್ಕು ಚಪ್ಪಡಿ ಎತ್ತುಸ್ತೀನಿ. ಐದನೇದು ಕೇಳಿದ್ರೆ ಲೇದಪ್ಪಾ!’ ಎಂದರು. ಬುಧವಾರದೊಳಗೆ ತೋರಿಸಬೇಕು. ಎಲ್ಲರೂ ಚೌಕಕ್ಕೆ ಹೋದೆವು. ಒಬ್ಬೊಬ್ಬರು ಒಂದೊಂದು ಕಡೆ ಬೆರಳು ಮಾಡಿದರು. ಅಳೆಯಲು ನಲ್ಲಿಕಟ್ಟೆಯೇ ಇಲ್ಲವಲ್ಲ. ತಪ್ಪಾದ ನಾಲ್ಕು ಎತ್ತಿ, ಕೆಳಗೆ ಬೂದಿ ಸಿಗದೆ ಹೋದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಿಂದಿನಿಂದ ಒಬ್ಬ, ‘ಮೇಷ್ಟ್ರು ಬೇಕೂಂತ್ಲೇ ಬಿಟ್ಟವ್ರೆ’ ಎಂದ. ಜಾನ್ ಪಾಷಾ ತಿರುಗಿ ನಿಂತು, ‘ಏ, ಕೋದಂಡರಾಮಪ್ಪನ ಮಗ ಕಣೋ ಅವರು, ಮಾತು ನೋಡ್ಕೊಂಡಾಡು’ ಎಂದು ಗದರಿದರು. ಅಪ್ಪನ ಹೆಸರು ಕೇಳಿ ಎಲ್ಲರೂ ನನ್ನತ್ತ ನೋಡಿದರು. ಜಾಗ ನನ್ನ ತಮ್ಮನಿಗೆ ಮಾತ್ರ ಗೊತ್ತು ಎಂದೆ. ಇವತ್ತು ಬೆಳಗ್ಗೆಯಿಂದ ಚೌಕದ ಮೂಲೆಯಲ್ಲಿ ಪೊಲೀಸ್ ಜೀಪು ನಿಂತಿದೆ.

ಕಳೆದ ವರ್ಷ ನೀನು ಗುಂಡಿ ಮುಚ್ಚಿ, ಹಣೆಗೆ ಬೂದಿ ಹಚ್ಚಿಕೊಂಡು, ಪ್ರಸಾದದ ಮಲೀದ ತುಂಬಿದ ಡಬ್ಬಿ ಹಿಡಿದು ನೇರವಾಗಿ ಶಾಲೆಗೆ ಬಂದೆ. ಹೆಡ್‌ಮಾಸ್ಟರರ ಎದುರು, ‘ಮೊದಲು ಮುಖ ತೊಳ್ಕೊಂಡು ಬಾ’ ಎಂದೆ ನಾನು. ಅದು ಶುಚಿಯ ಮಾತಾಗಿರಲಿಲ್ಲ. ಅದು ಏನಾಗಿತ್ತೆಂದು ನಿನಗೆ ಆಗಲೇ ತಿಳಿಯಿತು, ನನಗೆ ತಡವಾಗಿ. ಆಮೇಲೆ ನೀನು ಊರು ಬಿಟ್ಟೆ. ಡಬ್ಬಿ ಸ್ಟಾಫ್‌ರೂಮಿನಲ್ಲಿ ಎರಡು ದಿನ ಮುಚ್ಚಿಕೊಂಡೇ ಇತ್ತು.

ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಅನಿತಳಿಗೆ ಅತ್ತಿಗೆ ಕೇಳಿದಳೆಂದು ಹೇಳು. ಗಂಡ ಹೆಂಡತಿ ಇಬ್ಬರಿಗೂ ಒಳ್ಳೆಯದಾಗಲಿ, ಹೇಳುವ ಅರ್ಹತೆ ಉಳಿದಿದೆಯೋ ಇಲ್ಲವೋ, ಅಣ್ಣನಾಗಿ ಹೇಳುತ್ತಿದ್ದೇನೆ.

ನಿನ್ನ ಅಣ್ಣ,
ಶಿವಶಂಕರ್

ಮತ್ತೆ: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆದದ್ದರಲ್ಲಿ ಒಂದು ನಿಜವಲ್ಲ. ಗುಂಡಿಯನ್ನು ನಾನು ಬರೆದಿದ್ದೆ. ನಲ್ಲಿಕಟ್ಟೆಯಿಂದ ಅಪ್ಪನ ಹೆಜ್ಜೆಯಲ್ಲಿ ಹನ್ನೊಂದು, ಅಲ್ಲಿಂದ ಚರಂಡಿಯ ಕಡೆಗೆ ನಾಲ್ಕು. ವೇದಿಕೆಯ ಮುಂದೆಯೇ ಬೀಳುತ್ತಿದ್ದ ಆ ವೃತ್ತ ಅಲ್ಲಿದ್ದರೆ ವೇದಿಕೆ ಬದಿಗೆ ಸರಿಯಬೇಕಾಗಿತ್ತು. ರಬ್ಬರಿನಿಂದ ಅಳಿಸಿದೆ. ಅಳಿಸು ಎಂದು ಯಾರೂ ಹೇಳಿರಲಿಲ್ಲ. ವೇದಿಕೆಗಾಗಿ ಎಂದುಕೊಂಡಿದ್ದೆ, ಆದರೆ ಅಳಿಸುವಾಗ ಕೈಗೆ ಹಿತವೆನಿಸಿತ್ತು. ಆ ಹಾಳೆ ಬೀರುವಿನಲ್ಲಿದೆ, ಬೆಳಕಿಗೆ ಹಿಡಿದರೆ ಪೆನ್ಸಿಲಿನ ಗುರುತು ಇನ್ನೂ ಕಾಣುತ್ತದೆ. ಬುಧವಾರ ಅದನ್ನು ಎಲ್ಲರೆದುರು ಮೇಜಿನ ಮೇಲೆ ಹರಡುತ್ತೇನೆ. ಅವರು ಏನಾದರೂ ಅನ್ನಲಿ, ನಾಲ್ಕು ಚಪ್ಪಡಿ ಏಳುತ್ತವೆ. ಮುನಿಕೃಷ್ಣಾ, ನಾನು ತೋರಿಸಿದ ಜಾಗದಲ್ಲಿ ನೀನು ಬಂದು ಗುದ್ದಲಿ ಹಾಕುತ್ತೀಯಾ?