ಅಳಿಯಂದಿರನ್ನು ಬೈಯುವವರು ಯಾರು

ಕರೋಶಿ, ತಾಲೂಕು ಚಿಕ್ಕೋಡಿ
ಶ್ರಾವಣದ ಮೂರನೆಯ ಸೋಮವಾರ, ೯ ಆಗಸ್ಟ್ ೧೯೯೩

ನನ್ನ ಮಗ ಭೀಮಸಿಗೆ,

ಆರಾಮ ಇದ್ದೀಯಾ? ಮುಂಬೈಯ ವಾಶಿಗೆ ಲೋಡು ಒಯ್ದಾಗ ಮಳೆಯಲ್ಲಿ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ನಿಪ್ಪಾಣಿಯ ಖಾನಾವಳಿಯಲ್ಲಿ ಖಾರ ಜಾಸ್ತಿ ಹಾಕಿಸಿಕೊಳ್ಳಬೇಡ, ಬಿಸಿ ನೀರು ಕುಡಿ. ಇಂದು ನನ್ನದು ಸೋಮವಾರದ ಉಪವಾಸ. ನಸುಕಿನಲ್ಲಿ ಎದ್ದು ಕಸ ಹೊಡೆದು, ಅಂಗಳಕ್ಕೆ ಸಗಣಿ ನೀರು ಹಾಕಿ, ಎರಡೂ ಎಮ್ಮೆ ಹಿಂಡಿ, ಗುಡಿಗೆ ಹೋಗಿ ಪತ್ರಿ ಏರಿಸಿ ಬಂದು ಈಗ ಬರೆಯಲು ಕುಳಿತಿದ್ದೇನೆ. ಹೊಟ್ಟೆಯಲ್ಲಿ ಒಂದು ಬಟ್ಟಲು ಚಹಾ ಬಿಟ್ಟರೆ ಏನೂ ಇಲ್ಲ. ಉಪವಾಸದಲ್ಲಿ ಸುಳ್ಳು ಬರೆಯುವವಳಲ್ಲ ನಿನ್ನ ಅವ್ವ, ಅದಕ್ಕೇ ಈ ದಿನವನ್ನು ಹಿಡಿದೆ.

ನಿಮ್ಮ ಅಪ್ಪ ಗಟ್ಟಿ ಇದ್ದಾರೆ. ಟೊಂಕದ ನೋವು ಇದ್ದೇ ಇದೆ, ಮೂವತ್ತು ವರ್ಷ ಸ್ಟೇರಿಂಗ್ ತಿರುವಿದವರಿಗೆ ಅದು ಹೋಗುವಂಥದ್ದಲ್ಲ. ಪಂಚಮಿಗೆ ಬಂದ ನಿನ್ನ ಅಕ್ಕ ತುಳಸವ್ವ ಇನ್ನೂ ಇಲ್ಲೇ ಇದ್ದಾಳೆ, ಶೇಂಗಾದ ಉಂಡಿ ತಿಂದು ತಿಂದು ದುಂಡಗಾಗಿದ್ದಾಳೆ. ಕರೆದೊಯ್ಯಲು ಬಂದ ಅಳಿಯಂದಿರು ದಾದಾಸಾಹೇಬರೂ ಅಮಾವಾಸ್ಯೆ ಮುಗಿಯಲಿ ಎಂದು ಉಳಿದಿದ್ದಾರೆ. ಅಮಾವಾಸ್ಯೆ ಆದ ಮೇಲೆ ನಿಮ್ಮ ಲಾರಿ ಮಾಲಕರು ಅವರ ಕೈಗೆ ಎರಡನೆಯ ಗಾಡಿ ಕೊಡುತ್ತಾರಂತೆ. ಮೊದಲನೆಯ ಲೋಡೇ ಸಕ್ಕರೆಯಂತೆ, ಅಂಬೋಲಿ ಘಾಟು ಇಳಿದು ಗೋವಾಕ್ಕೆ. ಈ ಗುರುವಾರ ಮಾಲಕರು ನಿನ್ನನ್ನು ಕರೆದು, ನೀನು ಹೂಂ ಅಂದರೆ ಗಾಡಿ ಕೊಡುತ್ತೇನೆ ಅನ್ನುವವರಿದ್ದಾರೆಂದು ತುಳಸವ್ವ ಹೇಳಿದಳು. ಅವಳು ಆಗಲೇ ಗಾಡಿಯ ಮುಂದೆ ಕಟ್ಟಲು ಗೊಂಡೆ ಹೆಣೆಯುತ್ತಿದ್ದಾಳೆ. ಅದರ ಸಲುವಾಗಿಯೇ ಈ ಕಾಗದ.

ಹೋದ ಮಂಗಳವಾರ ನೀನು ರಾಯಬಾಗದಲ್ಲಿ ಗೊಬ್ಬರ ಇಳಿಸಿ, ಖಾಲಿ ಗಾಡಿಯಲ್ಲಿ ನಮ್ಮನ್ನು ಚಿಂಚಲಿಯ ಮಾಯಕ್ಕನ ಗುಡಿಗೆ ಕರೆದೊಯ್ದೆಯಲ್ಲ, ಆ ದಿನ ಅಳಿಯಂದಿರು ಓಡಿಸುತ್ತಿದ್ದರು. ನಾನೂ ತುಳಸವ್ವನೂ ಹಿಂದಿನ ಸೀಟಿನಲ್ಲಿ ಇದ್ದೆವು. ಇಳಿಜಾರು ಬಂದ ಕೂಡಲೇ ಅವರು ಡೀಸೆಲ್ ಉಳಿಸಲೆಂದು ಗೇರು ತೆಗೆದುಬಿಟ್ಟರು. ನಾನು ಡ್ರೈವರನ ಹೆಂಡತಿ, ಡ್ರೈವರನ ತಾಯಿ. ಇಂಜಿನ್ನಿನ ಸದ್ದು ಸಣ್ಣದಾಗಿ ಗಾಡಿ ಮಾತ್ರ ಜೋರಾದರೆ ಏನೆಂದು ನನಗೆ ತಿಳಿಯುತ್ತದೆ. ನಾನು ನಿನ್ನ ಮೋರೆ ನೋಡಿದೆ. ನೀನು ಕೈಯಿಂದ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ "ದಾಜೀ, ಗೇರಿನಾಗ ಇದ್ರ ಛಲೋ ಅನಸ್ತೈತ್ರಿ" ಎಂದು! ಅದೂ ಅರ್ಧ ಇಳಿಜಾರು ಮುಗಿದ ಮೇಲೆ. ಚಿಂಚಲಿಯಲ್ಲಿ ನಿಂತಾಗ ಟೈರು ಬಡಿದು ನೋಡಿದವನು ನೀನು, ಗಾಜು ಒರೆಸಿದವನು ನೀನು. ಕಲಿಯಲು ಬಂದವರು ಕಟ್ಟೆಯ ಮೇಲೆ ಕುಳಿತು ಬಶಿಯಲ್ಲಿ ಚಹಾ ಕುಡಿದರು. ನಿನಗಿಂತ ಆರು ವರ್ಷ ದೊಡ್ಡವರು, ಅಕ್ಕನ ಗಂಡ, ನೀನಾದರೂ ಏನು ಮಾಡೀ.

ತಪ್ಪು ನಿನ್ನದಲ್ಲ, ನನ್ನದು. ಎರಡು ವರ್ಷದ ಹಿಂದೆ ನಿಪ್ಪಾಣಿಯ ತಂಬಾಕು ವಖಾರಿ ಮುಚ್ಚಿ, ಹತ್ತು ವರ್ಷ ತಕ್ಕಡಿ ಹಿಡಿದ ಅಳಿಯಂದಿರು ಬರಿಗೈಯಲ್ಲಿ ಮನೆಗೆ ಕುಳಿತಾಗ, ನಿನ್ನ ಗಾಡಿಯ ಮೇಲೆ ಕಿನ್ನರ, ಅಂದರೆ ಕ್ಲೀನರ್, ಆಗಿ ಕೆಲಸ ಕಲಿಯಲು ಬರುತ್ತೇನೆಂದರು. ನನಗೆ ಜೀವ ಹಿಡಿಯಷ್ಟಾಯಿತು. ಮಗಳನ್ನು ಕೊಟ್ಟ ಮನೆಯವರಿಂದ ಗಾಲಿ ತೊಳೆಸುವುದೇ? ನಿನ್ನನ್ನು ಇದೇ ಮಾಯಕ್ಕನ ಮುಂದೆ ನಿಲ್ಲಿಸಿ, ಕೈಯಲ್ಲಿ ಭಂಡಾರದ ಅರಿಶಿನ ಹಾಕಿ ಆಣೆ ತೆಗೆದುಕೊಂಡೆ: "ದಾಜಿಗೆ ಒಂದ ಬಿರಸ ಮಾತ ಅನಬ್ಯಾಡ. ಗಾಲಿ ತೊಳಸಬ್ಯಾಡ. ಒಲಿ ಮುಂದ ಕುಂಡ್ರಸಬ್ಯಾಡ." ನೀನು ಮಾತು ನಡೆಸಿದೆ ಮಗನೇ. ಎರಡು ವರ್ಷ ಅವರನ್ನು ಬೀಗರ ಹಾಗೆ ಕೂರಿಸಿಕೊಂಡು ಕರ್ನಾಟಕ, ಮಹಾರಾಷ್ಟ್ರ ತಿರುಗಿಸಿದೆ. ಅವರಿಗೆ ಊರುಗಳು ಗೊತ್ತಾದವು, ಗಾಡಿ ಗೊತ್ತಾಗಲಿಲ್ಲ.

ನಿಮ್ಮ ಅಪ್ಪ ಕಲಿತದ್ದು ಹೇಗೆಂದು ನಿನಗೆ ಗೊತ್ತು. ಉಸ್ತಾದ ಗುಡುಸಾಬ ಮೊದಲನೆಯ ವರ್ಷ ಸ್ಟೇರಿಂಗ್ ಮುಟ್ಟಗೊಡಲಿಲ್ಲ, ಬರೀ ಗಾಲಿಗೆ ಅಡ್ಡಗಲ್ಲು ಇಡುವುದು, ನೀರು ತುಂಬುವುದು. ಕಡೆಗೆ ತವಂದಿ ಘಾಟಿನಲ್ಲಿ ಒಂದು ಸಲ ಇವರು ಗೇರು ತೆಗೆದಾಗ ಕಪಾಳಕ್ಕೆ ಕೊಟ್ಟು, "ಯಾರಿಗೆ ಉಳಸಾಕತ್ತೀ ಡೀಜಲ್? ನಿನ್ನ ಮಣ್ಣಿಗೆ ಬಂದವರಿಗೆ ಚಾ ಕಾಸಾಕೇನಲೇ?" ಎಂದು ಕೆಳಗೆ ಇಳಿಸಿಬಿಟ್ಟನಂತೆ. ಘಾಟಿನುದ್ದಕ್ಕೂ ಇವರು ನಡೆದು ಇಳಿದರು. ಕೆಳಗೆ ಗುಡುಸಾಬ ಭಜಿ ತರಿಸಿಟ್ಟುಕೊಂಡು ಕಾಯುತ್ತಿದ್ದ. ಆ ಕಪಾಳದ ಮಾತು ಹೇಳುವಾಗ ಇವರು ಇಂದಿಗೂ ನಗುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ಕೋಳಿಯೂ ಇವರ ಗಾಲಿಗೆ ಸಿಕ್ಕಲಿಲ್ಲ.

ಈಗ ಹಾಗೆ ಕಲಿಸುವವರೂ ಇಲ್ಲ, ಕಾಯುವವರೂ ಇಲ್ಲ ಎನ್ನುತ್ತಾರೆ ಅಪ್ಪ. ಮೊದಲು ನಿಪ್ಪಾಣಿಯಲ್ಲಿ ಲಾರಿ ಎಣಿಸಿದಷ್ಟು, ಯಾವ ಗಾಡಿಗೆ ಯಾವ ಉಸ್ತಾದ ಎಂದು ಹೆಂಗಸರಿಗೂ ಗೊತ್ತಿತ್ತು. ಈಗ ಬೆಲ್ಲದ ವ್ಯಾಪಾರಿ, ದ್ರಾಕ್ಷಿ ತೋಟದವರು ಎಲ್ಲರೂ ಸಾಲ ತೆಗೆದು ಗಾಡಿ ನಿಲ್ಲಿಸಿದ್ದಾರೆ, ಓಡಿಸುವವರು ಸಾಲುತ್ತಿಲ್ಲ. ಡೀಸೆಲ್ ತುಟ್ಟಿ. ತಿರುಗಿ ಬರುವ ಲೋಡಿಗಾಗಿ ಕೊಲ್ಹಾಪುರದಲ್ಲಿ ಮೂರು ಮೂರು ದಿನ ಬಿದ್ದಿರಬೇಕು. ನಾಲ್ಕು ವರ್ಷ ಕಲಿಯಲಿ ಎಂದು ಯಾವ ಮಾಲಕ ಕಾಯುತ್ತಾನೆ? ಚಿಕ್ಕೋಡಿಯಲ್ಲಿ ಬೋರ್ಡು ಹಾಕಿದ ಶಾಲೆಯೊಂದಾಗಿದೆ, ಸಂತೆ ಮೈದಾನದಲ್ಲಿ ಜೀಪಿನಿಂದ ಎಂಟು ಹಾಕಿಸುತ್ತಾರೆ. ಅಳಿಯಂದಿರೂ ಅಲ್ಲಿ ಹಾಕಿದರು, ದೊಡ್ಡ ಗಾಡಿಯ ಲೈಸೆನ್ಸೂ ಬಂತು. ಸಂತೆ ಮೈದಾನದಲ್ಲಿ ಘಾಟು ಎಲ್ಲಿದೆ?

ನೀವಾದರೂ ನಾಲ್ಕು ಮಾತು ಹೇಳಿ ಎಂದು ಅಪ್ಪನಿಗೆ ಗಂಟುಬಿದ್ದೆ. "ಹುಚ್ಚಿ, ಅಳ್ಯಾಗ ಹೆಂಗ ಬೈಲಿ? ಯಾರರ ಪರದೇಶಿ ಆಗಿದ್ರ ಇಷ್ಟೊತ್ತಿಗೆ ಛಲೋ ಡ್ರೈವರ್ ಆಗಿರ್ತಿದ್ದ" ಎಂದು ಟವೆಲ್ ಹೆಗಲಿಗೆ ಹಾಕಿ ಹೊಲಕ್ಕೆ ಹೋದರು.

ಅದಕ್ಕೇ ಮಂಗಳವಾರ ನೀವೆಲ್ಲ ಹೊರಗೆ ಇದ್ದಾಗ ನಾನು ಮಾಯಕ್ಕನ ಮುಂದೆ ಕುಳಿತು ಹೇಳಿಕೊಂಡೆ. ಮಗನಿಗೆ ಹಾಕಿಸಿದ ಆಣೆ ನಾನು ಬಿಡಿಸಿದ್ದೇನೆ ತಾಯಿ, ಪಾಪವಿದ್ದರೆ ನನ್ನ ತಲೆಗೆ ಎಂದು. ಐದು ಮಂಗಳವಾರ ಒಪ್ಪತ್ತು ಇರುತ್ತೇನೆ. ನೀನೀಗ ಬಿಡುಗಡೆಯಾದೆ. ಗುರುವಾರ ಮಾಲಕರು ಕೇಳಿದರೆ ಹೂಂ ಅನ್ನಬೇಡ. ಇನ್ನೂ ಒಂದು ವರ್ಷ ಬೇಕು ಎನ್ನು. ನಿನ್ನ ಬಾಯಿಂದ ಬೈಗುಳ ಬರಲಿಕ್ಕಿಲ್ಲ, ನನಗೆ ಗೊತ್ತು. ಅವರನ್ನು ಗುಡುಸಾಬನ ಮಗ ಮೈಬೂಬನ ಗಾಡಿಗೆ ಹಾಕಿಸು. ಅಲ್ಲಿ ಅವರು ಯಾರ ಅಳಿಯನೂ ಅಲ್ಲ. ಮೈಬೂಬನಿಗೆ ಅವನ ಅಪ್ಪನ ನಾಲಿಗೆಯೇ ಬಂದಿದೆ.

ತುಳಸವ್ವನಿಗೆ ನಿನ್ನೆ ಹೇಳಿದೆ. ಗೊಂಡೆ ಎಸೆದು ಎದ್ದಳು. "ನನ್ನ ಗಂಡ ಮಂದಿ ಗಾಡಿ ಗಾಲಿ ತೊಳೀಬೇಕೇನ ಬೇ? ಅಥಣಿಯೊಳಗ ನಮ್ಮತ್ತಿ ಏನಂದಾಳ?" ಎಂದಳು. "ತೊಳೀಲಿ ಬಿಡ. ನಿನ್ನ ಕುಂಕುಮಾ ಗಟ್ಟಿ ಉಳೀತೈತಿ" ಎಂದೆ. ಅಥಣಿಯ ಬೀಗರು ಏನೇ ಅನ್ನಲಿ, ನಾನು ಹೋಗಿ ಕಾಲಿಗೆ ಬಿದ್ದು ಬರುತ್ತೇನೆ. ನನಗೇನು ಅದರಲ್ಲಿ ಸಣ್ಣತನವಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಘಾಟು ಏರುವ ಮುಂದೆ ಮಾಯಕ್ಕನನ್ನು ನೆನೆ. ಹೋದ ದಾರಿ ಸುಸೂತ್ರವಾಗಲಿ, ನೂರು ವರ್ಷ ಬಾಳು. ಅಪ್ಪನೂ ಹರಸಿದ್ದಾರೆ.

ನಿನ್ನ ಅವ್ವ
ಶಿವಗಂಗವ್ವ

ತಾ.ಕ.: ಕಾಗದ ಮಡಿಚುವಾಗ ಅಳಿಯಂದಿರು ನೀರು ಕುಡಿಯಲು ಒಳಗೆ ಬಂದರು. ಸೆರಗು ಎಳೆದುಕೊಂಡೆ, ಕಾಗದ ಮುಚ್ಚಲಾಗಲಿಲ್ಲ. "ನನ್ನ ಹೆಸರ ಐತೇನ್ರಿ ಅತ್ತಿ?" ಎಂದರು. ಉಪವಾಸದ ದಿನ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಪೂರ್ತಿ ಓದಿ ಹೇಳಿದೆ. ತಂಬಿಗೆ ಹಿಡಿದುಕೊಂಡು ನಿಂತೇ ಕೇಳಿದರು. ಆಮೇಲೆ ಕುಳಿತು, ಇದನ್ನೂ ಬರೀರಿ ಎಂದರು. ಅವರು ಹೇಳಿದ್ದನ್ನೇ ಬರೆಯುತ್ತೇನೆ. ಕಾರಹುಣ್ಣಿಮೆಯ ಮುಂದೆ ತವಂದಿ ಘಾಟಿನಲ್ಲಿ, ಮಧ್ಯಾಹ್ನ, ನೀನು ಹಿಂದೆ ಮಲಗಿದ್ದಾಗ ಗಾಡಿ ರಸ್ತೆ ಬದಿಯ ಜಲ್ಲಿಗಲ್ಲಿನ ಖಡಿಯ ರಾಶಿಗೆ ಹೊಕ್ಕಿತಲ್ಲ, ಎಮ್ಮೆ ಅಡ್ಡ ಬಂತು ಎಂದು ನಿನಗೆ ಹೇಳಿದರಂತೆ. ಎಮ್ಮೆ ಇರಲಿಲ್ಲ. ತುಂಬಿದ ಗಾಡಿ, ಗೇರು ತೆಗೆದಿದ್ದರು, ಬ್ರೇಕು ಹಿಡಿಯಲಿಲ್ಲ. ಮುಂದೆ ಕೆಟ್ಟು ನಿಂತ ಬಸ್ಸು, ಪಕ್ಕದಲ್ಲಿ ಕೆಳಗಿಳಿದ ಮಂದಿ. ಖಡಿಯ ರಾಶಿ ಅಲ್ಲಿ ಇದ್ದದ್ದು ಅವರ ಪುಣ್ಯ. "ಭೀಮಸಿ ಎದ್ದು ಬಂದು ನನಗ ಏನೂ ಕೇಳಲಿಲ್ರಿ ಅತ್ತಿ. ಚಾ ತಂದ ಕೊಟ್ಟ. ಅವತ್ತ ಒಂದ ಕಪಾಳಕ್ಕ ಕೊಟ್ಟಿದ್ರ ಅಲ್ಲೇ ಖರೇ ಹೇಳಿಬಿಡ್ತಿದ್ದೆ" ಎಂದರು. ಮಾಲಕರಿಗೆ ಗಾಡಿ ಬೇಡವೆಂದು ತಾವೇ ಹೇಳುತ್ತಾರಂತೆ. ಮೈಬೂಬನ ಗಾಡಿಗೆ ಹೋಗುತ್ತಾರಂತೆ, ಆದರೆ ಮೊದಲು ಬೈಗುಳವನ್ನು ನಿನ್ನ ಬಾಯಿಂದಲೇ ಕೇಳಬೇಕಂತೆ. ನಿನಗೆ ಎದುರಿಗೆ ಬೈಯಲು ಆಗುವುದಿಲ್ಲ. ಅದಕ್ಕೆ ಬರೆದು ಕಳಿಸು. ಟಪಾಲಿಗೆ ಹಾಕಿದರೆ ತಡ, ಈ ಕಾಗದವನ್ನು ಇಂದೇ ಬಸ್ಸಿನಲ್ಲಿ ಕಳಿಸುತ್ತೇನೆ, ನೀನೂ ನಿಪ್ಪಾಣಿಯಿಂದ ಬರುವ ನಾಲ್ಕರ ಬಸ್ಸಿನ ಕಂಡಕ್ಟರನ ಕೈಗೆ ಕೊಡು. ಪಕ್ಕದ ಮನೆಯ ಸತ್ಯಪ್ಪ ಬುಧವಾರ ಚಿಕ್ಕೋಡಿ ಸ್ಟ್ಯಾಂಡಿಗೆ ಹೋಗಿ ಈಸಿಕೊಂಡು ಬರುತ್ತಾನೆ. ಬೈಗುಳ ಸಣ್ಣದು ಬರೆಯಬೇಡ, ನಾನೇ ಓದಿ ಹೇಳುವವಳಿದ್ದೇನೆ.